ಹನ್ನೊಂದು ಪಿನ್ನು ಮುರಿದ ಬೀಗ ಮತ್ತು ಅಣ್ಣನ ಇಂಗ್ಲಿಷ್

ಪ್ರಶ್ನೆ: ಸರ್, ನಾನು ಕಾರವಾರದ ಕೋಡಿಬಾಗದವಳು. ಡಿಗ್ರಿ ಎರಡನೇ ವರ್ಷ. ಅಣ್ಣನ ಲ್ಯಾಪ್‌ಟಾಪಿನಲ್ಲಿ ಫಾಲ್‌ಔಟ್ 4 ಎಂಬ ಕಂಪ್ಯೂಟರ್ ಆಟ ಆಡುತ್ತಿದ್ದೇನೆ. ಗುಂಡು ಹಾರಿಸುವುದೆಲ್ಲ ಸಲೀಸು. ಬೀಗ ತೆಗೆಯುವುದು, ಕಂಪ್ಯೂಟರ್ ಹ್ಯಾಕ್ ಮಾಡುವುದು ಮಾತ್ರ ಆಗ್ತಾ ಇಲ್ಲ. ನಿನ್ನೆ ಒಂದೇ ಬೀಗಕ್ಕೆ ಹನ್ನೊಂದು ಹೇರ್‌ಪಿನ್ನು ಮುರಿದೆ. ಹ್ಯಾಕಿಂಗ್ ಪರದೆಯಲ್ಲಿ ಇಂಗ್ಲಿಷ್ ಪದಗಳ ರಾಶಿ. ನಾನು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. "ನಿನ್ನ ಇಂಗ್ಲಿಷಿಗೆ ಇದು ಆಗೋ ಕೆಲಸ ಅಲ್ಲ" ಎನ್ನುತ್ತಾನೆ ಅಣ್ಣ. ನಾಲ್ಕು ಸಲ ತಪ್ಪಿದರೆ ಆ ಕಂಪ್ಯೂಟರ್ ಕಾಯಂ ಬಂದ್ ಆಗುತ್ತದೆ ಎಂದು ಗೆಳತಿ ಹೆದರಿಸಿದ್ದಾಳೆ. ಎಲ್ಲಕ್ಕಿಂತ ಕಷ್ಟದ ಮಾಸ್ಟರ್ ಬೀಗವನ್ನಂತೂ ಆಟ ಮುಟ್ಟಲೂ ಬಿಡುವುದಿಲ್ಲ. ಆದರೆ ಯೂಟ್ಯೂಬಿನಲ್ಲಿ ಸ್ಕೈರಿಮ್ ಎಂಬ ಇನ್ನೊಂದು ಆಟ ಆಡುವವನೊಬ್ಬ ಶುರುವಿನಲ್ಲೇ ಮಾಸ್ಟರ್ ಬೀಗ ತೆಗೆದ. ಬೀಗ ತಾನಾಗಿ ತೆರೆಯುವಂತೆ ಮಾಡುವ ಟ್ರೇನರ್ ಪ್ರೋಗ್ರಾಮ್ ಡೌನ್‌ಲೋಡ್ ಮಾಡಲೇ? ಇನ್ನೊಂದು ಮಾತು. ಆಯಿ ಹಿಂದಿನಿಂದ ಬಂದು ನೋಡಿ, "ಬೀಗ ತೆಗೆಯೋದು, ಹ್ಯಾಕ್ ಮಾಡೋದು, ಇದನ್ನೇ ಕಲೀತಾ ಇದ್ದೀಯಾ?" ಎಂದು ಕೇಳಿದಳು. ಅವಳಿಗೆ ಏನು ಹೇಳಲಿ?

ಉತ್ತರ: ಹನ್ನೊಂದು ಪಿನ್ನು ಏನೂ ಅಲ್ಲ. ನಾನು ಮೊದಲ ವಾರ ಮುರಿದದ್ದಕ್ಕೆ ಲೆಕ್ಕವೇ ಇಲ್ಲ.

ನಿಮ್ಮ ಪ್ರಶ್ನೆ ನಾಲ್ಕೈದು ಇವೆ, ಆದರೆ ಸಂಕಟ ಒಂದೇ ಎಂದು ನನಗೆ ಕಾಣುತ್ತದೆ. ಇಷ್ಟು ಸಲ ಮಾಡಿದರೂ ಆಗುತ್ತಿಲ್ಲ, ಹಾಗಾದರೆ ಕೊರತೆ ನನ್ನಲ್ಲೇ ಇರಬೇಕು, ಕೈ ಚುರುಕಿಲ್ಲ, ಇಂಗ್ಲಿಷ್ ಇಲ್ಲ ಎಂಬ ಸಂಕಟ. ಇದು ನನಗೂ ಗೊತ್ತು. ಈಗ ಶಿರಸಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ಅದಕ್ಕೆ ಮೊದಲು ಏಳು ವರ್ಷ ಬೆಂಗಳೂರಿನಲ್ಲಿ ಗೇಮ್ ಟೆಸ್ಟರ್ ಆಗಿದ್ದೆ. ಬೇರೆಯವರು ಮಾಡಿದ ಆಟವನ್ನು ದಿನವಿಡೀ ಆಡಿ, ಎಲ್ಲೆಲ್ಲಿ ಕೆಡುತ್ತದೆ ಎಂದು ಬರೆದುಕೊಡುವ ಕೆಲಸ. ಒಮ್ಮೆ ಒಂದು ಮೊಬೈಲ್ ಆಟ ಬಂತು. ಅದರಲ್ಲಿ ಮೂರು ವಾರ ನಾನು ಮಾಡಿದ್ದು ಬೀಗ ತೆಗೆಯುವುದೊಂದೇ. ಕೆಲವು ಬೀಗ ಏನು ಮಾಡಿದರೂ ತೆರೆಯುತ್ತಿರಲಿಲ್ಲ. ನನ್ನ ಕೈಯೇ ಸರಿಯಿಲ್ಲ ಎಂದುಕೊಂಡು ಎರಡು ದಿನ ಯಾರಿಗೂ ಹೇಳಲಿಲ್ಲ. ಕೊನೆಗೆ ನೋಡಿದರೆ, ಆ ಬೀಗಗಳ ಸರಿಯಾದ ಜಾಗ ಪಿನ್ನು ತಲುಪುವ ವೃತ್ತದ ಆಚೆಗೆ ಬಿದ್ದಿತ್ತು. ದೇವರೇ ಬಂದರೂ ತೆಗೆಯಲಾಗದ ಬೀಗ. ನಿಮ್ಮ ಆಟದಲ್ಲಿ ಅಂಥ ತಪ್ಪಿಲ್ಲ. ಸುಮ್ನೆ ಹೇಳಿದೆ, ತಪ್ಪನ್ನು ತಲೆಯ ಮೇಲೆ ಎಳೆದುಕೊಳ್ಳುವ ಮೊದಲು ಬೀಗ ಹೇಗೆ ಕೆಲಸ ಮಾಡುತ್ತದೆ ಎಂದು ನೋಡುವುದು ಒಳ್ಳೇದು.

ಗೆಳತಿಯ ಮಾತು ಮತ್ತು ಯೂಟ್ಯೂಬಿನದು ಎರಡೂ ನಿಜ. ಆದರೆ ಬೇರೆ ಆಟಗಳ ನಿಜ. ನಾಲ್ಕು ಸಲ ತಪ್ಪಿದರೆ ಟರ್ಮಿನಲ್, ಅಂದರೆ ಆಟದೊಳಗಿನ ಆ ಕಂಪ್ಯೂಟರ್, ಕಾಯಂ ಬಂದ್ ಆಗುತ್ತಿದ್ದದ್ದು 2008ರ ಫಾಲ್‌ಔಟ್ 3 ಮತ್ತು 2010ರ ಫಾಲ್‌ಔಟ್ ನ್ಯೂ ವೇಗಾಸ್‌ನಲ್ಲಿ. ನೀವು ಆಡುತ್ತಿರುವ, 2015ರಲ್ಲಿ ಬಂದ ಫಾಲ್‌ಔಟ್ 4ರಲ್ಲಿ ಶಿಕ್ಷೆ ಬರೀ ಹತ್ತು ಸೆಕೆಂಡು. ಆಮೇಲೆ ಹೊಸ ಪದಗಳ ಪಟ್ಟಿಯೊಂದಿಗೆ ಮತ್ತೆ ಶುರು. ಹೆದರಿ ಕೈ ನಡುಗಿಸಿಕೊಳ್ಳುವ ಅಗತ್ಯವೇ ಇಲ್ಲ.

2011ರ ಸ್ಕೈರಿಮ್‌ನಲ್ಲಿ ಯಾವ ಬೀಗಕ್ಕೂ ತಡೆ ಇಲ್ಲ. ಮೊದಲ ದಿನವೇ ಮಾಸ್ಟರ್ ಬೀಗಕ್ಕೆ ಕೈ ಹಾಕಬಹುದು. ಸರಿಯಾದ ಜಾಗ ಕೂದಲೆಳೆಯಷ್ಟು ಇರುತ್ತದೆ, ಪಿನ್ನು ಸಾಲುಸಾಲಾಗಿ ಮುರಿಯುತ್ತವೆ, ಅಷ್ಟೇ. ಫಾಲ್‌ಔಟ್ 4ರಲ್ಲಿ ಹಾಗಲ್ಲ. ನಿಮ್ಮ ಪಾತ್ರದ ಪರ್ಸೆಪ್ಷನ್ ಎಂಬ ಗುಣ 4 ಇದ್ದರೆ ಲಾಕ್‌ಸ್ಮಿತ್ ಪರ್ಕ್, ಅಂದರೆ ಬೀಗ ತೆಗೆಯುವ ವಿಶೇಷ ಸಾಮರ್ಥ್ಯ, ಸಿಗುತ್ತದೆ. ಅದರ ಮೊದಲ ಹಂತಕ್ಕೆ ಅಡ್ವಾನ್ಸ್ಡ್ ಬೀಗ. ಎರಡನೇ ಹಂತಕ್ಕೆ ಎಕ್ಸ್‌ಪರ್ಟ್, ಅದು ಸಿಗುವುದು ಲೆವೆಲ್ 7ಕ್ಕೆ. ಮೂರನೆಯದಕ್ಕೆ ಮಾಸ್ಟರ್, ಲೆವೆಲ್ 18ಕ್ಕೆ. ಹ್ಯಾಕರ್ ಪರ್ಕ್ ಕೂಡ ಹೀಗೇ. ಇಂಟೆಲಿಜೆನ್ಸ್ 4 ಬೇಕು, ಮುಂದಿನ ಹಂತಗಳು ಲೆವೆಲ್ 9 ಮತ್ತು 21ಕ್ಕೆ. ಪರ್ಕ್ ಇಲ್ಲದಿದ್ದರೆ ಕೈ ಎಷ್ಟೇ ಚುರುಕಿದ್ದರೂ ಅಂಥ ಬಾಗಿಲು ತೆರೆಯುವುದಿಲ್ಲ. ಆಟದ ಕಾನೂನು ಅದು.

ಈಗ ಅಣ್ಣನ ಇಂಗ್ಲಿಷ್.

ಹೋದ ಮಳೆಗಾಲದಲ್ಲಿ ಪ್ರಿಂಟರ್ ರಿಪೇರಿಗೆ ಎಂದು ಅಡಿಕೆ ತೋಟದ ಹಿರಿಯರೊಬ್ಬರು ಅಂಗಡಿಗೆ ಬಂದಿದ್ದರು. ಹೊರಗೆ ಹೊಯ್ಯೋ ಮಳೆ, ಹೋಗುವ ಹಾಗಿಲ್ಲ. ನಾನು ಒಬ್ಬ ಹುಡುಗನ ಕಂಪ್ಯೂಟರ್ ಬಿಸಿಯಾಗುತ್ತದೋ ಎಂದು ನೋಡಲು ಇದೇ ಆಟ ಹಾಕಿದ್ದೆ. ಟರ್ಮಿನಲ್ ಪರದೆ ತೆರೆದಿತ್ತು. ಅವರು ಕನ್ನಡಕ ಏರಿಸಿ ನೋಡಿದರು. "ತಮಾ, ಇದು ಪದಬಂಧವಾ?" ಎಂದರು. ದಿನಾ ಬೆಳಿಗ್ಗೆ ಪೇಪರಿನ ಪದಬಂಧ ತುಂಬದೆ ಚಾ ಕುಡಿಯದ ಜನ. ನಿಯಮ ಹೇಳಿದೆ. ಇಂಗ್ಲಿಷ್ ಅಕ್ಷರ ಗೊತ್ತು, ಆ ಪದಗಳ ಅರ್ಥ ಗೊತ್ತಿಲ್ಲ. ಬೆರಳಿಟ್ಟು ಅಕ್ಷರಕ್ಕೆ ಅಕ್ಷರ ತಾಳೆ ನೋಡಿದರು. ಮೂರನೇ ಸಲಕ್ಕೆ ಟರ್ಮಿನಲ್ ತೆರೆಯಿತು. ಪ್ರಿಂಟರ್ ಮಾತ್ರ ಅವತ್ತು ಸರಿಯಾಗಲಿಲ್ಲ, ಅದು ಬೇರೆ ಮಾತು.

ಯಾಕೆಂದರೆ ಅಲ್ಲಿ ಅರ್ಥಕ್ಕೆ ಬೆಲೆಯೇ ಇಲ್ಲ. ಪರದೆಯ ಪದಗಳೆಲ್ಲ ಒಂದೇ ಉದ್ದ. ಅದರಲ್ಲೊಂದು ಪಾಸ್‌ವರ್ಡ್. ನೀವು ಒಂದು ಪದ ಒತ್ತಿದರೆ ಆಟ 'ಲೈಕ್‌ನೆಸ್' ಎಂದು ಒಂದು ಸಂಖ್ಯೆ ಹೇಳುತ್ತದೆ. ನಿಮ್ಮ ಪದದಲ್ಲಿ ಎಷ್ಟು ಅಕ್ಷರ ಪಾಸ್‌ವರ್ಡಿನ ಅದೇ ಜಾಗದಲ್ಲಿವೆ ಎಂಬ ಲೆಕ್ಕ ಅದು. ಅದೇ ಅಕ್ಷರ ಬೇರೆ ಜಾಗದಲ್ಲಿದ್ದರೆ ಲೆಕ್ಕಕ್ಕಿಲ್ಲ. ಹೀಗೆ ನಾಲ್ಕು ಅವಕಾಶ.

ಕನ್ನಡದಲ್ಲೇ ಆಡಿ ನೋಡೋಣ. ನಮ್ಮ ಜಿಲ್ಲೆಯ ನಾಲ್ಕು ಅಕ್ಷರದ ಎಂಟು ಊರು ತೆಗೆದುಕೊಳ್ಳಿ: ಕಾರವಾರ, ಹೊನ್ನಾವರ, ಯಲ್ಲಾಪುರ, ಸಿದ್ದಾಪುರ, ಮುರ್ಡೇಶ್ವರ, ಬನವಾಸಿ, ಹಳಿಯಾಳ, ಮುಂಡಗೋಡ. ಒತ್ತು, ದೀರ್ಘ, ಸೊನ್ನೆ ಎಲ್ಲ ಸೇರಿಸಿಯೇ ಒಂದು ಅಕ್ಷರ ಎಂದು ಲೆಕ್ಕ. ಇದರಲ್ಲಿ ಒಂದು ಊರನ್ನು ನಾನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ. ನೀವು ಮೊದಲು ಯಾವುದನ್ನು ಕೇಳುತ್ತೀರಿ?

ಹಳಿಯಾಳ ಎಂದಿರಿ ಎಂದುಕೊಳ್ಳಿ. ಹ, ಳಿ, ಯಾ, ಳ. ಈ ನಾಲ್ಕರಲ್ಲಿ ಒಂದೂ ಬೇರೆ ಯಾವ ಊರಿನ ಅದೇ ಜಾಗಕ್ಕೆ ಕೂರುವುದಿಲ್ಲ. ಹಾಗಾಗಿ ನಾನು ಹಳಿಯಾಳವನ್ನೇ ನೆನೆದಿಲ್ಲದಿದ್ದರೆ ಉತ್ತರ ಯಾವಾಗಲೂ ಸೊನ್ನೆ. ಒಂದು ಅವಕಾಶ ಹೋಯಿತು, ಏಳು ಊರು ಹಾಗೇ ಉಳಿದವು. ಹಳಿಯಾಳದವರು ಬೇಜಾರು ಮಾಡಿಕೊಳ್ಳಬೇಡಿ, ಊರಿನದೇನೂ ತಪ್ಪಿಲ್ಲ.

ಕಾರವಾರ ಎಂದರೆ? ಕೊನೆಯ 'ರ' ಹೊನ್ನಾವರ, ಯಲ್ಲಾಪುರ, ಸಿದ್ದಾಪುರ, ಮುರ್ಡೇಶ್ವರಕ್ಕೆ ಕೂರುತ್ತದೆ. ಮೂರನೆಯ 'ವಾ' ಬನವಾಸಿಗೆ. ನಾನು 1 ಎಂದರೆ ಐದು ಊರು ಉಳಿದವು. ತಪ್ಪೇನಿಲ್ಲ, ಆದರೆ ಜಾಸ್ತಿ ಉಳಿಯಿತು.

ಯಲ್ಲಾಪುರ ಎಂದು ನೋಡಿ. ನಾನು 2 ಎಂದರೆ ಸಿದ್ದಾಪುರವೇ, ಬೇರೆ ಇಲ್ಲ, ಯಾಕೆಂದರೆ 'ಪು'ವೂ 'ರ'ವೂ ಅದರಲ್ಲಿ ಮಾತ್ರ ಅದೇ ಜಾಗದಲ್ಲಿವೆ. 1 ಎಂದರೆ ಕಾರವಾರ, ಹೊನ್ನಾವರ, ಮುರ್ಡೇಶ್ವರ, ಈ ಮೂರರಲ್ಲಿ ಒಂದು. ಸೊನ್ನೆ ಎಂದರೆ ಬನವಾಸಿ, ಹಳಿಯಾಳ, ಮುಂಡಗೋಡ, ಈ ಮೂರರಲ್ಲಿ ಒಂದು. ಏನೇ ಉತ್ತರ ಬಂದರೂ ಮೂರಕ್ಕಿಂತ ಜಾಸ್ತಿ ಉಳಿಯುವುದಿಲ್ಲ, ಕೈಯಲ್ಲಿ ಇನ್ನೂ ಮೂರು ಅವಕಾಶ. ಸೋಲುವ ಸಾಧ್ಯತೆಯೇ ಇಲ್ಲ.

ಹ್ಯಾಕಿಂಗ್ ಆಟದ ಗುಟ್ಟೆಲ್ಲ ಇಷ್ಟೇ. ಮೊದಲ ಪದ ಪಾಸ್‌ವರ್ಡ್ ಆಗಿರಬೇಕೆಂದು ಆರಿಸಬೇಡಿ. ಯಾವ ಉತ್ತರ ಬಂದರೂ ಉಳಿಯುವ ಗುಂಪು ಚಿಕ್ಕದಾಗಿರಬೇಕು, ಅಂಥ ಪದ ಆರಿಸಿ. ಇದು ನನ್ನ ಕಲ್ಪನೆಯಲ್ಲ. ಬಣ್ಣದ ಗುಂಡಿಗಳನ್ನು ಊಹಿಸುವ ಮಾಸ್ಟರ್‌ಮೈಂಡ್ ಎಂಬ ಆಟ ಇದೆ, ಈ ಟರ್ಮಿನಲ್ಲು ಅದರದೇ ತಮ್ಮ. ಆರು ಬಣ್ಣ, ನಾಲ್ಕು ಜಾಗ, ಒಟ್ಟು 1,296 ಸಾಧ್ಯತೆ. ಯಾವುದೇ ಇದ್ದರೂ ಹೆಚ್ಚೆಂದರೆ ಐದು ಊಹೆಯಲ್ಲಿ ಹಿಡಿಯಬಹುದು ಎಂದು ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್ 1977ರಲ್ಲಿ ತೋರಿಸಿದರು. ಅವರ ದಾರಿಯೂ ಇದೇ: ಕೆಟ್ಟ ಉತ್ತರ ಬಂದಾಗಲೂ ಕಡಿಮೆ ಉಳಿಯುವ ಊಹೆಯನ್ನು ಮೊದಲು ಮಾಡು.

ಇಂಗ್ಲಿಷ್ ಪದಗಳಲ್ಲಿ ಇದನ್ನು ಬೇಗ ಮಾಡಲು ಪದದ ಬಾಲ ನೋಡಿ. ನಾಲ್ಕೈದು ಪದ ಐ, ಎನ್, ಜಿ ಎಂದು ಮುಗಿಯುತ್ತವೆ ಎಂದುಕೊಳ್ಳಿ. ಅದರಲ್ಲೊಂದನ್ನು ಮೊದಲು ಒತ್ತಿ. ಲೈಕ್‌ನೆಸ್ ಮೂರಕ್ಕಿಂತ ಕಡಿಮೆ ಬಂತಾ? ಆ ಬಾಲದ ಪದಗಳೆಲ್ಲ ಒಂದೇ ಏಟಿಗೆ ಹೋದವು. ಶುರುವಿನಲ್ಲಿ ಒಂದು ಹಾಳೆ, ಪೆನ್ಸಿಲ್ ಇಟ್ಟುಕೊಳ್ಳಿ. ಪದಗಳನ್ನು ಒಂದರ ಕೆಳಗೊಂದು ಬರೆದು, ಹೋದವನ್ನು ಹೊಡೆದುಹಾಕಿ. ಹತ್ತು ಟರ್ಮಿನಲ್ ಆದ ಮೇಲೆ ಹಾಳೆ ಬೇಕಾಗುವುದಿಲ್ಲ. ಸೊನ್ನೆ ಬಂದರೆ ಬೇಸರ ಮಾಡಿಕೊಳ್ಳಬೇಡಿ. ಬಾಲ, ತಲೆ ಎರಡೂ ಹೋಲುವ ಪದಗಳು ಗುಂಪಾಗಿ ಅಳಿಯುವುದು ಸೊನ್ನೆಗೇ.

ಪದಗಳ ನಡುವೆ ಕಸದಂತೆ ಕಾಣುವ ಚಿಹ್ನೆಗಳಿವೆಯಲ್ಲ, ಅದರಲ್ಲೂ ಲಾಭ ಇದೆ. ಒಂದೇ ಸಾಲಿನಲ್ಲಿ ಒಂದು ಬ್ರಾಕೆಟ್ ತೆರೆದು ಅದೇ ಜಾತಿಯ ಬ್ರಾಕೆಟ್ ಮುಚ್ಚಿದ್ದರೆ, ತೆರೆದ ಬ್ರಾಕೆಟ್ ಮೇಲೆ ಕರ್ಸರ್ ಇಡಿ. ಇಡೀ ತುಂಡು ಬೆಳಗುತ್ತದೆ. ಒತ್ತಿದರೆ ಒಂದೋ ಒಂದು ತಪ್ಪು ಪದ ಅಳಿಯುತ್ತದೆ, ಇಲ್ಲವೇ ಅವಕಾಶಗಳು ಮತ್ತೆ ನಾಲ್ಕಾಗುತ್ತವೆ. ಯಾವುದು ಎಂದು ಮೊದಲೇ ತಿಳಿಯುವುದಿಲ್ಲ. ನಾಲ್ಕೂ ಅವಕಾಶ ಬಾಕಿ ಇರುವಾಗಲೇ ಎಲ್ಲ ಬ್ರಾಕೆಟ್ ಒತ್ತಿಬಿಟ್ಟರೆ ಆ ಎರಡನೇ ವರ ದಂಡ. ನಾನು ಎರಡು ಊಹೆ ಆದ ಮೇಲೆ ಬ್ರಾಕೆಟ್ ಹುಡುಕುತ್ತೇನೆ. ಒಂದನ್ನಾದರೂ ಕೊನೆಯ ಅವಕಾಶದ ಹೊತ್ತಿಗೆ ಉಳಿಸಿಕೊಳ್ಳುತ್ತೇನೆ. ಅಷ್ಟೂ ಮಾಡಿ ಬಗೆಹರಿಯದಿದ್ದರೆ ನಾಲ್ಕನೆಯದನ್ನು ಒತ್ತದೆ ಹೊರಗೆ ಬಂದು ಮತ್ತೆ ಒಳಗೆ ಹೋಗಿ. ಹೊಸ ಪಟ್ಟಿ ಬರುತ್ತದೆ. ಹಳೆಯ ಫಾಲ್‌ಔಟ್‌ಗಳಲ್ಲಿ ಕಾಯಂ ಬಂದ್ ಆಗುವುದನ್ನು ತಪ್ಪಿಸುತ್ತಿದ್ದದ್ದು ಈ ಉಪಾಯವೇ. ಗೆಳತಿಗೂ ಹೇಳಿ.

ಬೀಗಕ್ಕೆ ಬರೋಣ. ಇಲ್ಲೇ ನಿಮ್ಮ ಹನ್ನೊಂದು ಪಿನ್ನು ಹೋಗಿದ್ದು.

ಪರದೆಯಲ್ಲಿ ಎರಡು ವಸ್ತು ಇವೆ. ಪಿನ್ನು ಮೇಲಿನ ಅರ್ಧವೃತ್ತದಲ್ಲಿ ಆಡುತ್ತದೆ. ಗಡಿಯಾರದ ಒಂಬತ್ತು ಗಂಟೆಯಿಂದ ಹನ್ನೆರಡರ ಮೇಲೆ ಹಾದು ಮೂರರ ತನಕ. ಸ್ಕ್ರೂಡ್ರೈವರ್ ಬೀಗವನ್ನು ತಿರುಗಿಸುತ್ತದೆ. ಆಟವು ಆ ಅರ್ಧವೃತ್ತದಲ್ಲಿ ಒಂದು ಜಾಗ ನಿಗದಿ ಮಾಡಿ ಇಟ್ಟಿರುತ್ತದೆ. ಸುಲಭದ ಬೀಗಕ್ಕೆ ಆ ಜಾಗ ಅಗಲ, ಮಾಸ್ಟರ್‌ಗೆ ಸಪೂರ. ಪಿನ್ನು ಅಲ್ಲಿದ್ದರೆ ಬೀಗ ಪೂರ್ತಿ ತಿರುಗುತ್ತದೆ. ಹತ್ತಿರ ಇದ್ದರೆ ಸ್ವಲ್ಪ ತಿರುಗಿ ಸಿಕ್ಕಿಕೊಳ್ಳುತ್ತದೆ. ದೂರ ಇದ್ದರೆ ಅಲ್ಲಾಡುವುದೇ ಇಲ್ಲ.

ಎಲ್ಲರೂ ಮಾಡುವ ತಪ್ಪು, ಬೀಗ ಸಿಕ್ಕಿಕೊಂಡಾಗ ಇನ್ನೂ ಒತ್ತುವುದು. ತುಕ್ಕು ಹಿಡಿದ ಬೀಗಕ್ಕೆ ಜೋರು ಹಾಕುವ ನಮ್ಮ ಅಭ್ಯಾಸ ಅದು. ಕರಾವಳಿಯಲ್ಲಿ ಹುಟ್ಟಿದವರಿಗೆ ಹೇಳಬೇಕೇ, ಉಪ್ಪು ಗಾಳಿಗೆ ಮನೆಯ ಬೀಗ ಎರಡು ಮಳೆಗಾಲಕ್ಕೆ ಕಚ್ಚಿಕೊಳ್ಳುತ್ತದೆ, ಆಗ ಜೋರೇ ಗತಿ. ಆಟದಲ್ಲಿ ಮಾತ್ರ ಪಿನ್ನು ಸವೆಯುವುದು ಬೀಗ ಸಿಕ್ಕಿಕೊಂಡ ಮೇಲೂ ನೀವು ತಿರುಗಿಸುತ್ತಿರುವ ಆ ಹೊತ್ತಿನಲ್ಲೇ. ಪಿನ್ನನ್ನು ಅತ್ತಿತ್ತ ಸರಿಸುವುದಕ್ಕೆ ಖರ್ಚೇ ಇಲ್ಲ. ಹಾಗಾಗಿ ತಿರುಗಿಸುವ ಕೀಯನ್ನು ಮುಟ್ಟಿ ಬಿಡಿ. ಬಿಸಿ ಕಾವಲಿ ಕಾದಿದೆಯಾ ಎಂದು ಬೆರಳು ತಾಗಿಸಿ ನೋಡುತ್ತೇವಲ್ಲ, ಅಷ್ಟೇ ಹೊತ್ತು. ನಡುಗಿತು ಎಂದು ಕಂಡ ಕೂಡಲೇ ಬೆರಳು ಮೇಲೆ.

ಮೊದಲು ಹನ್ನೆರಡರಲ್ಲಿ ಮುಟ್ಟಿ ನೋಡಿ. ಅಲ್ಲಾಡಲಿಲ್ಲವಾ, ಹತ್ತೂವರೆಗೆ. ಅಲ್ಲೂ ಇಲ್ಲವಾ, ಒಂದೂವರೆಗೆ. ಆಮೇಲೆ ಎರಡು ತುದಿ. ಎಲ್ಲೋ ಒಂದು ಕಡೆ ಬೀಗ ಒಂದು ಚೂರು ತಿರುಗುತ್ತದೆ. ಅಲ್ಲಿ ನಿಲ್ಲಿ. ಈಗ ಎಡಕ್ಕೆ ಒಂದು ಚೂರು ಸರಿಸಿ ಮತ್ತೆ ಮುಟ್ಟಿ. ಮುಂಚಿಗಿಂತ ಜಾಸ್ತಿ ತಿರುಗಿದರೆ ದಾರಿ ಸರಿ, ಕಮ್ಮಿ ಆದರೆ ಬಲಕ್ಕೆ ಬನ್ನಿ. ಹಳೇ ರೇಡಿಯೋದಲ್ಲಿ ಧಾರವಾಡ ಸ್ಟೇಷನ್ ಹಿಡಿಯುತ್ತಿದ್ದ ಹಾಗೆ. ಗರಗರ ಕಮ್ಮಿಯಾಗುವ ಕಡೆಗೆ ತಿರುಗಿಸುತ್ತ ಹೋಗಿ, ದಾಟಿದ್ದು ಗೊತ್ತಾದರೆ ಒಂದೆಳೆ ಹಿಂದೆ ಬರುವುದು. ನಿಮ್ಮ ವಯಸ್ಸಿನವರು ಆ ರೇಡಿಯೋ ನೋಡಿರಲಿಕ್ಕಿಲ್ಲ, ಆಯಿಯನ್ನು ಕೇಳಿ.

ಗಮನಿಸಿ, ಇದು ಟರ್ಮಿನಲ್ಲಿನ ಆಟವೇ. ಎಷ್ಟು ತಿರುಗಿತು ಎಂಬುದೇ ಇಲ್ಲಿನ ಲೈಕ್‌ನೆಸ್. ತೆರೆಯದ ಬೀಗವೂ ಪ್ರತಿ ಸಲ ಏನೋ ಒಂದು ಹೇಳುತ್ತಿರುತ್ತದೆ. ನೀವು ಹನ್ನೊಂದು ಸಲ ಕೇಳಿದಿರಿ, ಉತ್ತರ ನೋಡಲಿಲ್ಲ. ನೋಡುವ ಮೊದಲೇ ಇನ್ನೂ ಜೋರಾಗಿ ಒತ್ತಿದಿರಿ.

ಪಿನ್ನು ಮುರಿದರೂ ಸರಿಯಾದ ಜಾಗ ಕದಲುವುದಿಲ್ಲ, ಆ ಪರದೆಯಿಂದ ಹೊರಗೆ ಬರದಿದ್ದರೆ. ಮುರಿಯುವಾಗ ಪಿನ್ನು ಎಷ್ಟು ಗಂಟೆಗೆ ಇತ್ತು ಎಂದು ನೆನಪಿಟ್ಟುಕೊಂಡು ಹೊಸದನ್ನು ಅಲ್ಲಿಗೇ ಒಯ್ಯಿರಿ. ಸಿಟ್ಟು ಬಂದು ಎದ್ದು ಹೊರಗೆ ಬಂದರೆ ಕಂಡುಹಿಡಿದದ್ದೆಲ್ಲ ನೀರಲ್ಲಿ ಹೋಮ. ಪಿನ್ನು ಹಳೇ ಮನೆಗಳ ಬಚ್ಚಲುಮನೆಯಲ್ಲಿ, ಮೇಜಿನ ಡ್ರಾಗಳಲ್ಲಿ ಸಿಗುತ್ತವೆ, ವ್ಯಾಪಾರಿಗಳೂ ಮಾರುತ್ತಾರೆ. ಇಪ್ಪತ್ತು ಮೂವತ್ತು ಕೈಯಲ್ಲಿದ್ದರೆ ಮನಸ್ಸು ತಣ್ಣಗಿರುತ್ತದೆ, ತಣ್ಣಗಿದ್ದರೆ ಮುರಿಯುವುದೂ ಕಮ್ಮಿ. ಗೇಮ್‌ಪ್ಯಾಡ್ ಕೊಂಡರೆ ಕೈ ಕೂರುತ್ತದೆ ಎಂದು ಯಾರಾದರೂ ಹೇಳಿಯಾರು. ಇದಕ್ಕಾಗಿಯೇ ಕೊಳ್ಳಬೇಡಿ, ಮೌಸ್ ಸಾಕು. ಲ್ಯಾಪ್‌ಟಾಪಿನ ಟಚ್‌ಪ್ಯಾಡಿನಲ್ಲಿ ಮಾತ್ರ ಬೇಡ.

ಅಣ್ಣನದು ಹೊಸ ಗೇಮಿಂಗ್ ಲ್ಯಾಪ್‌ಟಾಪಾದರೆ ಒಂದು ವಿಷಯ ನೋಡಿಕೊಳ್ಳಿ. ಈ ಆಟದ ಒಳಗಿನ ಚಲನೆಯ ಲೆಕ್ಕ ಫ್ರೇಮ್ ರೇಟಿಗೆ, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ ಮೂಡುತ್ತದೆ ಎಂಬುದಕ್ಕೆ, ಕಟ್ಟಿಕೊಂಡಿದೆ. ಸೆಕೆಂಡಿಗೆ 60 ಫ್ರೇಮ್ ಎಂದುಕೊಂಡು ಮಾಡಿದ್ದು. 144 ಹರ್ಟ್ಸ್ ಪರದೆಯಲ್ಲಿ ತಡೆ ತೆಗೆದು ಓಡಿಸಿದರೆ ಚಲನೆಗಳು ವಿಚಿತ್ರವಾಗುತ್ತವೆ. ಗ್ರಾಫಿಕ್ಸ್ ಸೆಟ್ಟಿಂಗಿನಲ್ಲಿ 60ಕ್ಕೆ ನಿಲ್ಲಿಸಿ. ಹಳೇ ಲ್ಯಾಪ್‌ಟಾಪಾಗಿದ್ದು ಎಳೆದೆಳೆದು ಓಡುತ್ತಿದ್ದರೆ ರೆಸಲ್ಯೂಶನ್, ನೆರಳು ಎರಡೂ ಇಳಿಸಿ. ಬೆರಳು ಎತ್ತಿದ್ದು ಪರದೆಗೆ ತಡವಾಗಿ ತಲುಪಿದರೆ ಪಿನ್ನು ಉಳಿಯುವುದಾದರೂ ಹೇಗೆ?

ಇಷ್ಟೆಲ್ಲ ತಾಪತ್ರಯ ಬೇಡ, ನನಗೆ ಕಥೆ ಮಾತ್ರ ಸಾಕು ಎಂದರೂ ನಾನು ತಪ್ಪೆನ್ನುವುದಿಲ್ಲ. ಆಟ ನಿಮ್ಮದು. ದಾರಿಗಳಿವೆ.

ಆಟದೊಳಗೇ ಸಂಗಾತಿಗಳಿದ್ದಾರೆ. ನಿಕ್ ವ್ಯಾಲೆಂಟೈನ್ ಟರ್ಮಿನಲ್ ಹ್ಯಾಕ್ ಮಾಡಬಲ್ಲ, ಕೇಟ್ ಬೀಗ ತೆಗೆಯಬಲ್ಲಳು. ಜೊತೆಗೆ ಕರೆದುಕೊಂಡು ಹೋಗಿ ಕೆಲಸ ಹೇಳಿದರಾಯಿತು. ಒಮ್ಮೊಮ್ಮೆ ಅವರಿಂದಲೂ ಆಗುವುದಿಲ್ಲ. ಪರ್ಕ್‌ಗಳನ್ನು ಕೊನೆತನಕ ಏರಿಸಿದರೆ ಲಾಕ್‌ಸ್ಮಿತ್ ನಾಲ್ಕನೇ ಹಂತದಲ್ಲಿ ಪಿನ್ನು ಮುರಿಯುವುದೇ ಇಲ್ಲ, ಹ್ಯಾಕರ್ ನಾಲ್ಕನೇ ಹಂತದಲ್ಲಿ ಟರ್ಮಿನಲ್ ಬಂದ್ ಆಗುವುದೇ ಇಲ್ಲ. ಆದರೆ ಒಂದಕ್ಕೆ ಲೆವೆಲ್ 41, ಇನ್ನೊಂದಕ್ಕೆ 33. ಅಷ್ಟು ಹೊತ್ತಿಗೆ ನಿಮಗೆ ಅದರ ಅಗತ್ಯವೇ ಇರುವುದಿಲ್ಲ. ನನ್ನನ್ನು ಕೇಳಿದರೆ ಆ ಪಾಯಿಂಟು ಬೇರೆ ಕಡೆ ಹಾಕಿ, ಮೂರನೇ ಹಂತ ಸಾಕು.

ಕಂಪ್ಯೂಟರಿನಲ್ಲಿ ಆಡುವವರಿಗೆ ಕನ್ಸೋಲ್ ಆದೇಶವೂ ಇದೆ. ಎಸ್ಕೇಪ್ ಕೆಳಗಿನ ಕೀ ಒತ್ತಿ, ಬಾಗಿಲಿನ ಮೇಲೆ ಕ್ಲಿಕ್ ಮಾಡಿ, ಇಂಗ್ಲಿಷಿನಲ್ಲಿ ಅನ್‌ಲಾಕ್ ಎಂದು ಬರೆದರೆ ತೆರೆಯುತ್ತದೆ. ಏನನ್ನೂ ಡೌನ್‌ಲೋಡ್ ಮಾಡಬೇಕಿಲ್ಲ. ಅಪಾಯ ಎಲ್ಲಿ ಎಂದರೆ, ಕೆಲವು ಬಾಗಿಲು ಕಥೆಯ ಒಂದು ಘಟ್ಟದಲ್ಲೇ ತೆರೆಯಬೇಕು. ಅಂಥದ್ದನ್ನು ಮೊದಲೇ ತೆರೆದರೆ ಕಥೆ ಅಲ್ಲೇ ಸಿಕ್ಕಿಕೊಳ್ಳಬಹುದು. ಬೇರೆಯಾಗಿ ಒಂದು ಸೇವ್ ಇಟ್ಟುಕೊಂಡು ಮಾಡಿ. ಮಾಡ್, ಅಂದರೆ ಆಟವನ್ನು ಬದಲಿಸಲು ಬೇರೆಯವರು ಮಾಡಿದ ಸೇರ್ಪಡೆ, ಹಾಕಿದರೆ ಆಟ ಕೊಡುವ ಅಚೀವ್‌ಮೆಂಟ್ ಪದಕಗಳು ಸಿಗುವುದು ನಿಲ್ಲುತ್ತದೆ. ಅದರ ಚಿಂತೆ ಇಲ್ಲದಿದ್ದರೆ ಸರಿ, ಆದರೆ ನಡುವೆ ಮಾಡ್ ತೆಗೆದರೆ ಹಳೇ ಸೇವ್ ಕೆಡುವ ಭಯ ಇದ್ದೇ ಇದೆ.

ಟ್ರೇನರ್ ಮಾತ್ರ ಬೇಡ ತಂಗೀ. ಇದು ಉಪದೇಶ ಅಲ್ಲ, ಅಂಗಡಿಯ ಅನುಭವ. ಊರು ಹೆಸರಿಲ್ಲದ ಜಾಗದಿಂದ ಇಳಿಸಿದ ಒಂದು ಫೈಲು. ಓಡಿಸುವ ಮೊದಲು "ಆ್ಯಂಟಿವೈರಸ್ ಬಂದ್ ಮಾಡಿ" ಎನ್ನುತ್ತದೆ. ಕಳ್ಳನೇ ಬಂದು ನಾಯಿ ಕಟ್ಟಿಹಾಕಿ ಎಂದ ಹಾಗೆ. ಎಲ್ಲವೂ ಕೆಟ್ಟದ್ದಲ್ಲ, ನಿಜ. ಆದರೆ ಯಾವುದು ಒಳ್ಳೆಯದು ಎಂದು ನೋಡಿ ಹೇಳುವ ದಾರಿ ನಿಮ್ಮ ಬಳಿ ಇಲ್ಲ. ಇಂಥದ್ದನ್ನು ಹಾಕಿಕೊಂಡು, ಬ್ರೌಸರಿನಲ್ಲಿ ಉಳಿಸಿದ್ದ ಪಾಸ್‌ವರ್ಡೆಲ್ಲ ಹೋಗಿ, ಮೇಲ್ ಖಾತೆ ಕಳೆದುಕೊಂಡ ಹುಡುಗರ ಲ್ಯಾಪ್‌ಟಾಪು ನನ್ನ ಮೇಜಿಗೆ ಬಂದಿವೆ. ಅದೂ ನಿಮ್ಮದು ಅಣ್ಣನ ಲ್ಯಾಪ್‌ಟಾಪು. ಹಾಳಾದರೆ ಇಂಗ್ಲಿಷಿನ ಮಾತು ಬಿಡಿ, ವರ್ಷವಿಡೀ ಅದನ್ನೇ ಹೇಳುತ್ತಾನೆ.

ಇನ್ನು ಆಯಿ. ಅವರ ಪ್ರಶ್ನೆ ನ್ಯಾಯವಾದದ್ದೇ, ನಗಬೇಡಿ. ಆಟದ ಬೀಗ ಕಲಿತು ನಿಜವಾದ ಬೀಗ ತೆಗೆಯಲು ಆಗುತ್ತದಾ? ಆಗುವುದಿಲ್ಲ. ಬಾಗಿಲಿಗೆ ಹಾಕುವ ಸಿಲಿಂಡರ್ ಬೀಗದಲ್ಲಿ ಸಾಮಾನ್ಯವಾಗಿ ಐದಾರು ಸಣ್ಣ ಕಡ್ಡಿಗಳು ಸ್ಪ್ರಿಂಗಿನ ಮೇಲೆ ಕೂತಿರುತ್ತವೆ. ಅಮೆರಿಕದ ಲೈನಸ್ ಯೇಲ್ ಜೂನಿಯರ್ 1861ರಲ್ಲಿ ಪೇಟೆಂಟ್ ಪಡೆದ ಬಗೆ ಅದು. ಚಾವಿಯ ಏರಿಳಿತ ಒಂದೊಂದು ಕಡ್ಡಿಯನ್ನೂ ಅದರದೇ ಎತ್ತರಕ್ಕೆ ಎತ್ತಬೇಕು, ಎಲ್ಲ ಒಟ್ಟಿಗೆ ಸರಿಯಾದರೆ ಮಾತ್ರ ಬೀಗ ತಿರುಗುತ್ತದೆ. ಆಟದ ಹಾಗೆ ಒಂದೇ ಒಂದು ಮಾಯದ ಜಾಗ ಅಲ್ಲಿಲ್ಲ. ಕಪಾಟಿನ ಬೀಗದ ಒಳಗೆ ಬಹಳ ಸಲ ತಗಡಿನ ಲಿವರ್‌ಗಳಿರುತ್ತವೆ, ಅದರ ಕಥೆ ಇನ್ನೂ ಬೇರೆ. ಹ್ಯಾಕಿಂಗ್ ಕೂಡ ಅಷ್ಟೇ. ನಿಜವಾದ ಯಾವ ಕಂಪ್ಯೂಟರೂ ತನ್ನ ಪಾಸ್‌ವರ್ಡನ್ನು ಹತ್ತು ಪದಗಳ ನಡುವೆ ಬರೆದಿಟ್ಟು "ಎರಡು ಅಕ್ಷರ ಸರಿ" ಎಂದು ಹೇಳುವುದಿಲ್ಲ.

ಬೇರೆಯವರ ಕಂಪ್ಯೂಟರಿಗೆ ಕೇಳದೆ ನುಗ್ಗಿ ಮೋಸ ಮಾಡಿದರೆ ಮಾಹಿತಿ ತಂತ್ರಜ್ಞಾನ ಕಾಯಿದೆ 2000ರ 66ನೇ ಕಲಮಿನಂತೆ ಮೂರು ವರ್ಷದವರೆಗೆ ಜೈಲು, ಐದು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೇ ಎರಡೂ. ಅದು ಆಯಿಗೂ ಗೊತ್ತಿರಲಿ, ನಿಮಗೂ. ಅದಕ್ಕಿಂತ ಒಳ್ಳೆಯದು, ಒಂದು ಸಂಜೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೇಲಿನ ಎಂಟು ಊರಿನ ಆಟ ಆಡಿಸಿ. ಆಮೇಲೆ ಟರ್ಮಿನಲ್ ತೋರಿಸಿ. ಶುರು ಮಾಡುವ ಮೊದಲು ಎಫ್5 ಒತ್ತಿ ಸೇವ್ ಮಾಡಿಕೊಳ್ಳಿ. ಸರ್ವೈವಲ್ ಎಂಬ ಕಷ್ಟದ ಮೋಡಿನಲ್ಲಿ ಅದು ನಡೆಯುವುದಿಲ್ಲ, ಹಾಸಿಗೆ ಹುಡುಕಿ ಮಲಗಿಯೇ ಸೇವ್ ಆಗಬೇಕು. ಬ್ಯಾಟರಿ ಸತ್ತ ಲ್ಯಾಪ್‌ಟಾಪು, ಮಳೆಗಾಲದ ಕರೆಂಟು ಎರಡೂ ಸೇರಿದರೆ ಏನಾಗುತ್ತದೆ ಎಂದು ನಾನು ಹೇಳಬೇಕಾಗಿಲ್ಲ.

ಒಂದು ಮಾತು ಮಾತ್ರ ಆಯಿಯ ಪರ. ಬೆಂಗಳೂರಿನಲ್ಲಿ ಮೂರು ವಾರ ಬೀಗ ತೆಗೆದು ಊರಿಗೆ ಬಂದಿದ್ದಾಗ ನಮ್ಮ ಮನೆಯ ಕಬ್ಬಿಣದ ಕಪಾಟಿನ ಚಾವಿ ಕಳೆದಿತ್ತು. "ನಾನು ತೆಗೀತೇನೆ" ಎಂದು ಅಕ್ಕನ ತಲೆಯಿಂದ ಹೇರ್‌ಪಿನ್ನು ಕಿತ್ತುಕೊಂಡೆ. ಹನ್ನೆರಡರಲ್ಲಿ ಇಟ್ಟೆ, ಹತ್ತೂವರೆಗೆ ಸರಿಸಿದೆ, ಒಂದು ಚೂರು ತಿರುಗಿದ ಹಾಗಾಯಿತು, ಟಕ್ ಎಂದಿತು. ಪಿನ್ನಿನ ಅರ್ಧ ಒಳಗೇ ಉಳಿಯಿತು. ಪೇಟೆಯಿಂದ ಚಾವಿ ಮಾಡುವವರು ಬಂದು, ಇಕ್ಕಳ ಹಾಕಿ ನೋಡಿ, ಬೀಗ ಕೊರೆದು ತೆಗೆದು ಹೊಸದು ಕೂರಿಸಿದರು. ಆ ಕಪಾಟಿಗೆ ಈಗಲೂ ಬೇರೆ ಬಣ್ಣದ ಹಿಡಿಕೆ ಇದೆ.